ಮೂರನೆಯದು

ಬೆಳಿಗ್ಗೆ ಒಂಬತ್ತಕ್ಕೆ ಗಂಗೋತ್ರಿಯ ಈ ಕಾರಿಡಾರಿನ ತುಂಬ
ಪಾಯಸದ ವಾಸನೆ.
ಯಾರ ಮನೆಯ ಶುಭಕಾರ್ಯವೂ ಅಲ್ಲ,
ಜವರಮ್ಮ ನೊಣಗಳಿಗೆ ಅಡುಗೆ ಮಾಡುತ್ತಿದ್ದಾರೆ:
ರವೆ, ಅಗರ್, ಮಂಡ್ಯದ ಬೆಲ್ಲ,
ಬೂಷ್ಟು ಹಿಡಿಯದಿರಲೆಂದು ಕೊನೆಗೆ
ಮೂಗು ಸುಡುವ ಆಸಿಡ್ಡು ನಾಲ್ಕು ಹನಿ.

ನಾನು ಕಿಟಕಿಯ ಪಕ್ಕ. ಮರಿಹುಳದ ಮಿದುಳು
ಸಾಸಿವೆಯ ಸಿಪ್ಪೆಯಷ್ಟು.
ಬಣ್ಣದಲ್ಲಿ ನೆನೆಸಿ, ಗಾಜಿನಡಿ ಇಟ್ಟು
ಹೆಬ್ಬೆರಳಿಂದ ಒಂದೇ ಸಲ ಒತ್ತಬೇಕು,
ಜಾರಿದರೆ ಮುಗಿಯಿತು.

ಎರಡು ಸೀಸೆ, ಎರಡು ದಾಯಾದಿ ನೊಣ.
ಒಂದರಲ್ಲಿ ಮೂರನೆಯ ವರ್ಣತಂತು
ತನ್ನ ಪಾಡಿಗೆ ತಾನು, ಜೋಡಿಯ ಜೊತೆ.
ಇನ್ನೊಂದರಲ್ಲಿ ಅದೇ ಮೂರನೆಯದು
ಎಂದೋ ಒಂದು ದಿನ ಹೋಗಿ
ವೈ ಎಂಬ ಮೋಟುಗೋಡೆಗೆ ಆತುಕೊಂಡಿದೆ.
ಅಂದಿನಿಂದ ಅದಕ್ಕೆ ತಾಯಿಯ ಕಡೆಯ ದಾರಿ ಇಲ್ಲ.
ಅಪ್ಪನಿಂದ ಮಗನಿಗೆ, ಮಗನಿಂದ ಅವನ ಮಗನಿಗೆ.
ಈ ಕುಲದ ಗಂಡಿನ ಮೈಯಲ್ಲಿ
ಜೋಡಿಗಳು ಕೈ ಬದಲಾಯಿಸುವುದೇ ಇಲ್ಲ.

‘ದಿನಾ ಅದನ್ನೇ ಏನವ್ವ ನೋಡ್ತೀಯೆ?’
‘ಹಾಳಾಗೋಕೆ ಶುರುವಾಗಿದೆಯಾ ಅಂತ.’
‘ಯಾರೂ ಮುಟ್ಟದೆ ಅದ್ಯಾಕೆ ಹಾಳಾಯ್ತದೆ?’
ಹೇಳಲು ಹೊರಟೆ. ಪಾಠದ ಮಾತು ಬಂತು,
ಬಾಯಲ್ಲೇ ಗಂಟು ಕಟ್ಟಿತು ಅಗರಿನ ಹಾಗೆ.

ಸೌಟು ತಿರುವುತ್ತಲೇ ಅವರು ಅಂದರು:
‘ಚಿನಕುರಳಿ ಹತ್ರ ನಮ್ಮಣ್ಣನ ಆಲೆಮನೆ ಇತ್ತು.
ಗಾಣದ ಲೆಕ್ಕ ಎರಡು ಕಡೆ. ಒಂದು ಗುಮಾಸ್ತನ ಪುಸ್ತಕ,
ಒಂದು ನಮ್ಮತ್ತಿಗೆ ಬಾಗಿಲ ಹಿಂದೆ ಎಳೆದ ಸುಣ್ಣದ ಗೀಟು.
ಶುಕ್ರವಾರ ಕೂತು ಓದೋರು.
ನಿನ್ನದು ಹದಿನೇಳು ಅಚ್ಚು, ನನ್ನದು ಹದಿನೆಂಟು,
ಎಲ್ಲಿ ತಪ್ತು ಅಂತ ಜಗಳ ಆಡಿ ತಿದ್ಕೊಳ್ಳೋರು.
ಅತ್ತಿಗೆ ತವರಿಗೆ ಹೋದ್ಮೇಲೆ ಪುಸ್ತಕ ಒಂದೇ ಆಯ್ತು.
ಕಳ್ಳತನ ಏನಿಲ್ಲ. ಸುಮ್ನೆ ತಪ್ಪಿದ್ದು ತಪ್ಪಿದ ಹಾಗೇ
ಮುಂದಿನ ಹಾಳೆಗೆ ಹೋಯ್ತು.
ಐದು ವರ್ಷಕ್ಕೆ ಅದ್ರಲ್ಲಿ ನಿಜವಾದ್ದು ಅಂದ್ರೆ
ನಮ್ಮಣ್ಣನ ಹೆಸರೊಂದೇ.’

ಒಲೆ ಆರಿಸಿದರು.
ನಾನು ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ.

ಹೆಸರೊಂದೇ. ಹೌದು, ಹಳೆಯ ವೈ ಕೂಡ ಹಾಗೆಯೇ:
ಒಂದು ಕಾಲಕ್ಕೆ ಎಕ್ಸಿನ ಸರಿಸಮ ಜೋಡಿ, ಸಾವಿರ ಸಾಲು;
ಈಗ ಉಳಿದದ್ದು ಬೆರಳೆಣಿಕೆ,
ಆದರೆ ಅವಿಲ್ಲದೆ ಆಗದು.
ವೈ ಇಲ್ಲದ ಗಂಡುನೊಣವೂ ಹುಟ್ಟುತ್ತದೆ, ಹಾರುತ್ತದೆ,
ಹೆಣ್ಣಿನ ಮುಂದೆ ಒಂದು ರೆಕ್ಕೆ ಚಾಚಿ ಹಾಡುತ್ತದೆ.
ಮಕ್ಕಳಾಗುವುದಿಲ್ಲ, ಅಷ್ಟೆ.

‘ಗಂಡಸರ ಕಥೆ ಮುಗೀತು ಬಿಡ್ರಪ್ಪ’ ಅಂತ
ಮೊದಲ ವರ್ಷದ ಹುಡುಗಿಯರು ನಗುತ್ತಾರೆ.
ನಾನೂ ನಕ್ಕಿದ್ದೆ, ಕೋಳಿಯ ಸ್ಲೈಡು ನೋಡುವ ತನಕ.
ಅಲ್ಲಿ ಆ ಮೋಟು ತುಂಡು ಹೊತ್ತವಳು ಹೇಂಟೆ.
ಸವೆತಕ್ಕೆ ಗಂಡು ಹೆಣ್ಣು ತಿಳಿಯದು,
ಒಂಟಿತನ ಮಾತ್ರ ತಿಳಿದೀತು.

ಹೋದ ಭಾನುವಾರ ರಂಗನತಿಟ್ಟಿನಲ್ಲಿ
ಬಂಡೆಯ ಮೇಲೆ ಬಾಯಿ ತೆರೆದು ಬಿದ್ದಿತ್ತು ಮೊಸಳೆ.
ಅದಕ್ಕೆ ಎಕ್ಸೂ ಇಲ್ಲ, ವೈಯೂ ಇಲ್ಲ.
ಮೊಟ್ಟೆ ಹೂತ ಮರಳು ಒಂದೆರಡು ಡಿಗ್ರಿ
ಆಚೀಚೆ ಕಾದರೆ ಅತ್ತ ಅಕ್ಕ, ಇತ್ತ ಅಣ್ಣ.
ದೋಣಿಯವನು ಕೇಳಿದ, ‘ಅದು ಗಂಡಾ ಹೆಣ್ಣಾ ಮೇಡಂ?’
ಆ ವರ್ಷದ ಬಿಸಿಲನ್ನು ಕೇಳಬೇಕು ಅನ್ನಿಸಿತು.
‘ಗೊತ್ತಿಲ್ಲಪ್ಪ’ ಅಂದೆ.

ಇವತ್ತಿನ ಮೂರನೆಯದು ಕಣ್ಣಿಗೆ ಇನ್ನೂ ತುಂಬಿಕೊಂಡೇ ಇದೆ.
ಹೊಸ ಸೊಸೆಯ ಹಾಗೆ, ಯಾವ ಬಾಗಿಲು ಹಿಂದಿನಿಂದ
ಹಾಕಿಕೊಂಡಿತು ಎಂದು ಗೊತ್ತಾಗದ ಹಾಗೆ.
ಒಳಗೆ ಒಂದೆರಡು ದೀಪ ಮಂಕಾಗಿರಬಹುದು;
ಈ ಮಸೂರಕ್ಕೆ ಅದು ಕಾಣದು.
ಗಾಜಿನ ಅಂಚಿಗೆ ಕೆಂಪು ಉಗುರುಬಣ್ಣ ಹಚ್ಚಿ
ತಾರೀಖು ಬರೆದೆ.

‘ನೂರಾ ನಲವತ್ತು ಸೀಸೆ ತುಂಬಿದೀನಿ, ನಿನ್ನದೆಷ್ಟು?’
‘ನೂರಾ ನಲವತ್ತೊಂದು.’
‘ಅದೆಂಗೆ?’
ಜವರಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದರು.
ಇಬ್ಬರೂ ಟ್ರೇಯ ಮುಂದೆ ಕೂತು
ಮೊದಲಿಂದ ಎಣಿಸತೊಡಗಿದೆವು.